ಮಂಡಿಚಿಪ್ಪು ಆಪರೇಷನ್ ಆದ ನಾಯಿ ಕಾಲು ಎತ್ತಿಕೊಂಡೇ ಓಡುತ್ತಿದೆ. ನಡೆಸಬೇಕಾ, ಕೂರಿಸಬೇಕಾ?

ತೋಟದಮನೆ, ಮೂಡಿಗೆರೆ ಕಡೆ

ಎಲ್ಲರಿಗೂ ನಮಸ್ಕಾರ. ನಮ್ಮ ಗುಂಡನ ವಿಷಯ ಕೇಳಬೇಕಿತ್ತು. ಪೊಮೇರಿಯನ್, ನಾಲ್ಕು ವರ್ಷ, ಹೆಸರಿಗೆ ತಕ್ಕ ಹಾಗೆ ಗುಂಡಗೇ ಇದ್ದಾನೆ. ಓಡುತ್ತಾ ಓಡುತ್ತಾ ಬಲ ಹಿಂಗಾಲನ್ನು ಪಟ್ ಅಂತ ಮೇಲೆತ್ತಿ ನಾಲ್ಕು ಹೆಜ್ಜೆ ಕುಂಟುತ್ತಿದ್ದ. ಆಮೇಲೆ ಕಾಲನ್ನು ಒಮ್ಮೆ ಹಿಂದಕ್ಕೆ ಝಾಡಿಸಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಮತ್ತೆ ಓಡುತ್ತಿದ್ದ. ಈ ವರ್ಷ ಕುಂಟುವುದು ಜಾಸ್ತಿಯಾಯಿತು. ಬೆಂಗಳೂರಿಗೆ ಕರೆದುಕೊಂಡು ಹೋದೆವು. ಎಕ್ಸ್‌ರೇ ತೆಗೆದು, ಕೈಯಲ್ಲಿ ಒತ್ತಿ ನೋಡಿ, ಚಿಪ್ಪು ಒಳಗಡೆಗೆ ಜಾರಿದೆ, ನಾಲ್ಕರಲ್ಲಿ ಮೂರನೇ ಗ್ರೇಡ್, ಆಪರೇಷನ್ ಮಾಡಿಸಿಬಿಡಿ ಅಂದರು. ಮಾಡಿಸಿದೆವು. ಚಿಪ್ಪು ಕೂರುವ ಹಳ್ಳವನ್ನು ಆಳ ಮಾಡಿ, ಮಂಡಿಯ ಕೆಳಗೆ ಮೂಳೆ ಸ್ವಲ್ಪ ಕತ್ತರಿಸಿ ಪಕ್ಕಕ್ಕೆ ಸರಿಸಿ ಪಿನ್ನು ಹಾಕಿದ್ದಾರಂತೆ.

ಈಗ ಮೂರು ವಾರ ಆಗಿದೆ. ಹೊಲಿಗೆ ಬಿಚ್ಚಿದ್ದಾರೆ, ಗಾಯ ಒಣಗಿದೆ. ಆದರೆ ಮನೆಗೆ ಕಳಿಸುವಾಗ ಕೊಟ್ಟ ಚೀಟಿಯಲ್ಲಿ ಇರುವುದು ಮಾತ್ರೆ ಬಿಟ್ಟರೆ ಎರಡೇ ಮಾತು: ರೆಸ್ಟ್ ಕೊಡಿ, ಆರು ವಾರ ಬಿಟ್ಟು ಬನ್ನಿ. ರೆಸ್ಟ್ ಅಂದರೆ ಎಷ್ಟು ರೆಸ್ಟ್? ಊಟದ ತಟ್ಟೆ ಮುಂದೆ ನಿಂತಾಗ ಕಾಲು ನೆಲಕ್ಕೆ ಊರುತ್ತಾನೆ, ಬೆರಳ ತುದಿಯಲ್ಲಿ. ಯಾರಾದರೂ ಗೇಟು ತೆಗೆದರೆ ಸಾಕು, ಕಾಲು ಹೊಟ್ಟೆಗೆ ಅಂಟಿಸಿಕೊಂಡು ಮೂರೇ ಕಾಲಲ್ಲಿ ಬಾಗಿಲಿಗೆ ಹೋಗಿರುತ್ತಾನೆ. ನಮ್ಮ ಮನೆಯವರು, ನಡೆದಾಡಿದರೆ ತಾನೇ ಸರಿಯಾಗುತ್ತೆ, ತೋಟದಲ್ಲಿ ಬಿಡು ಅನ್ನುತ್ತಾರೆ. ಮಗಳು ಬೋನಿನಿಂದ ಹೊರಗೇ ತೆಗೆಯಬೇಡ ಅನ್ನುತ್ತಾಳೆ. ನಮ್ಮತ್ತೆ ದಿನಾ ಕೊಬ್ಬರಿ ಎಣ್ಣೆ ಬಿಸಿ ಮಾಡಿಕೊಂಡು ಬಂದು ನಿಲ್ಲುತ್ತಾರೆ, ತಿಕ್ಕುತ್ತೇನೆ ಅಂತ. ಮೂವರ ನಡುವೆ ನಾನು.

ಮೇಲಿಂದ ಈ ಮಳೆ. ಅಂಗಳಕ್ಕೆ ಕಾಲಿಟ್ಟರೆ ಜಾರುತ್ತದೆ. ಕರೆಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ, ಐಸ್ ಇಡಿ ಅಂತ ಯಾರೋ ಹೇಳಿದರು, ಫ್ರಿಜ್ಜಲ್ಲಿ ಐಸ್ ಆಗುವಷ್ಟು ಹೊತ್ತು ಕರೆಂಟು ನಿಂತರೆ ತಾನೇ. ಅನುಭವ ಇರುವವರು ಯಾರಾದರೂ ದಿನದ ಲೆಕ್ಕದಲ್ಲಿ ಬಿಡಿಸಿ ಹೇಳಿ, ಪುಣ್ಯ ಬರುತ್ತೆ.


ಎರಡೂಕಾಲು, ಸಕಲೇಶಪುರ

ಅಕ್ಕಾ, ನಮ್ಮ ಚಿಕ್ಕಿಗೆ ಎರಡೂ ಕಾಲಿಗೆ ಇದೇ ಆಪರೇಷನ್ ಆಗಿದೆ, ಒಂದಾದ ಮೇಲೆ ಒಂದು. ಸ್ಪಿಟ್ಜ್ ನಾಯಿ. ಈಗ ಎರಡು ವರ್ಷವಾಯಿತು, ಚೆನ್ನಾಗಿ ಓಡಾಡಿಕೊಂಡಿದ್ದಾಳೆ. ಡಾಕ್ಟರ ಮಾತು ಡಾಕ್ಟರು ಹೇಳಲಿ, ಮನೆ ಒಳಗಿನ ವಿಷಯ ನಾನು ಹೇಳುತ್ತೇನೆ.

ಮೊದಲು ನೆಲ ನೋಡಿ. ನಿಮ್ಮದು ರೆಡ್ ಆಕ್ಸೈಡ್ ನೆಲವಾ, ಟೈಲ್ಸಾ? ಎರಡೂ ಕಷ್ಟವೇ. ನಾಯಿ ಎದ್ದು ನಿಲ್ಲುವಾಗ ಹಿಂಗಾಲು ಎರಡೂ ಪಕ್ಕಕ್ಕೆ ಜಾರಿದರೆ ಮಂಡಿ ತಿರುಚಿಕೊಳ್ಳುತ್ತದೆ. ಅವನು ಓಡಾಡುವ ದಾರಿಗೆಲ್ಲ ಗೋಣಿಚೀಲ ಹಾಸಿ. ಕಾಫಿ ತೋಟದವರಿಗೆ ಗೋಣಿಚೀಲಕ್ಕೇನು ಬರ! ಆದರೆ ಸುಮ್ನೆ ಹಾಸಿದರೆ ಚೀಲವೇ ಜಾರುತ್ತದೆ. ಅಡಿಗೆ ರಬ್ಬರ್ ಮ್ಯಾಟ್ ಇರಲಿ, ಇಲ್ಲಾಂದರೆ ಅಂಚುಗಳನ್ನು ಮಂಚದ ಕಾಲಡಿಗೆ, ಕಪಾಟಿನ ಅಡಿಗೆ ಸಿಕ್ಕಿಸಿ. ಮಳೆಗಾಲದಲ್ಲಿ ಒಂದೇ ದಿನಕ್ಕೆ ತಂಡಿ ಹಿಡಿದು ವಾಸನೆ ಬರುತ್ತೆ, ಎರಡು ಜೊತೆ ಇಟ್ಟುಕೊಂಡು ಒಂದನ್ನು ಬಚ್ಚಲೊಲೆ ಪಕ್ಕ ಒಣಗಲು ಹಾಕಿ.

ಎರಡನೆಯದು ಅಂಗಾಲಿನ ಕೂದಲು. ಪೊಮೇರಿಯನ್‌ಗೆ ಬೆರಳ ಸಂದಿಯಲ್ಲಿ ಉದ್ದ ಕೂದಲು ಬೆಳೆದು ಪಾದದ ಮೆತ್ತೆ ಮುಚ್ಚಿಬಿಟ್ಟಿರುತ್ತದೆ. ಕಾಲು ತಿರುಗಿಸಿ ನೋಡಿ, ಕರಿ ಮೆತ್ತೆ ಕಾಣಬೇಕು. ಕಾಣದಿದ್ದರೆ ಅವನು ಕಾಲುಚೀಲ ಹಾಕಿಕೊಂಡು ಗಾರೆ ನೆಲದ ಮೇಲೆ ನಡೆಯುತ್ತಿದ್ದಾನೆ ಅಂತಲೇ ಲೆಕ್ಕ. ಸಣ್ಣ ಕತ್ತರಿಯಲ್ಲಿ ಮೆತ್ತೆಯ ಮಟ್ಟಕ್ಕೆ ಕತ್ತರಿಸಿ, ಉಗುರೂ ತೆಗೆಸಿ. ಇಷ್ಟು ಮಾಡಿದ ಮೇಲೆ ಚಿಕ್ಕಿ ಕಾಲು ಊರುವುದು ಎದ್ದು ಕಾಣುವಷ್ಟು ಜಾಸ್ತಿಯಾಯಿತು.

ಸೋಫಾ, ಮಂಚ, ಜಗುಲಿ ಮೆಟ್ಟಿಲು ಮೂರೂ ಬಂದ್. ಹತ್ತುವುದಕ್ಕಿಂತ ಹಾರಿ ಇಳಿಯುವುದು ಇನ್ನೂ ಅಪಾಯ. ಒಂದಕ್ಕೆ ಎರಡಕ್ಕೆ ಹೊರಗೆ ಹೋಗುವಾಗ ಮೆಟ್ಟಿಲಿದ್ದರೆ ಎತ್ತಿಕೊಂಡೇ ಇಳಿಸಿ. ಒಂದು ಕೈ ಎದೆ ಕೆಳಗೆ, ಇನ್ನೊಂದು ಕುಂಡಿ ಕೆಳಗೆ. ಹಿಂಗಾಲು ಜೋತಾಡಬಾರದು. ನಮ್ಮಲ್ಲಿ ನಡುಮನೆಯ ಮೂಲೆಯಲ್ಲಿ ಎರಡು ಬೆಂಚು ಅಡ್ಡ ಹಾಕಿ ಒಂದು ಚಾಪೆಯಷ್ಟು ಜಾಗ ಮಾಡಿದ್ದೆವು. ಬೋನಿನಲ್ಲಿ ಒಂದೇ ಸಮ ಬೊಗಳುವ ನಾಯಿಗೆ ಇದು ಒಳ್ಳೆಯದು, ಮನೆಯವರೆಲ್ಲ ಕಣ್ಣೆದುರು ಇರುತ್ತಾರೆ. ಒಬ್ಬರೂ ಮನೆಯಲ್ಲಿ ಇಲ್ಲದಾಗ ಮಾತ್ರ ಬೋನು.

ಗೇಟಿನ ಸದ್ದಿಗೆ ಓಡುವುದಕ್ಕೆ ಒಂದೇ ಮದ್ದು, ಮನೆ ಒಳಗೂ ಬೆಲ್ಟು ಹಾಕಿರಿ. ಕುತ್ತಿಗೆಗಲ್ಲ, ಎದೆಗೆ ಹಾಕುವ ಹಾರ್ನೆಸ್.


ಸುಮ್ನೆಹೇಳ್ದೆ, ಅರಸೀಕೆರೆ

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಪುತ್ತೂರು ಕಟ್ಟು ಕಟ್ಟುವವರು ಎಲ್ಲ ಕಡೆ ಇದ್ದಾರೆ, ಒಂದು ಕಟ್ಟು ಕಟ್ಟಿಸಿ. ನಮ್ಮ ಊರಲ್ಲಿ ಮೇಕೆಗೂ ಕಟ್ಟಿದ್ದಾರೆ, ವಾಸಿಯಾಗಿದೆ. ಜೊತೆಗೆ ದಿನಾ ಕಾಲ್ ಸೂಪು ಕುಡಿಸಿ, ಮೂಳೆ ಬೇಗ ಕೂಡುತ್ತೆ. ನೋವು ಅಂತ ಕಂಡರೆ ನಾವು ಹಚ್ಚಿಕೊಳ್ಳುವ ಮುಲಾಮೇ ಹಚ್ಚಿ, ನಾಯಿಗೇನು ಬೇರೆ ನೋವಾ?


ದನದಡಾಕ್ಟ್ರು, ಹಾಸನ

ಅರಸೀಕೆರೆಯವರೇ, ನಿಮ್ಮ ಮನಸ್ಸು ಒಳ್ಳೆಯದು, ಒಪ್ಪಿದೆ. ಆದರೆ ಆ ಮೂರೂ ಮಾಡಬೇಡಿ. ಒಳಗೆ ಪಿನ್ನು ಹಾಕಿ ಮೂಳೆ ನಿಲ್ಲಿಸಿದ ಕಾಲಿಗೆ ಹೊರಗಿಂದ ಬಿಗಿದು ಕಟ್ಟಿದರೆ ಕೆಳಗೆ ಬಾವು ಬರುತ್ತದೆ, ಚರ್ಮ ಕೊಳೆಯಬಹುದು, ಮಂಡಿ ಮಡಿಸಲಾಗದೆ ಬಿಗಿದುಕೊಳ್ಳುತ್ತದೆ. ಕಾಲ್ ಸೂಪಿಗೆ ಈರುಳ್ಳಿ ಬೆಳ್ಳುಳ್ಳಿ ಹಾಕದೆ ಯಾರು ಮಾಡುತ್ತಾರೆ? ಅವೆರಡೂ ನಾಯಿಯ ರಕ್ತಕ್ಕೆ ವಿಷ. ಅದರ ಮೇಲೆ ತೇಲುವ ಜಿಡ್ಡು ಇಂಥ ಸಣ್ಣ ಜಾತಿ ನಾಯಿಗಳ ಮೇದೋಜೀರಕ ಗ್ರಂಥಿಗೆ ಆಗಿಬರುವುದಿಲ್ಲ. ಮುಲಾಮಿನದು ಇನ್ನೂ ಕೆಟ್ಟದ್ದು. ಎಷ್ಟೋ ನೋವಿನ ಮುಲಾಮುಗಳಲ್ಲಿ ಡೈಕ್ಲೋಫಿನಾಕ್ ಇರುತ್ತದೆ, ನಾಯಿ ಅದನ್ನು ನೆಕ್ಕುತ್ತದೆ, ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುತ್ತದೆ, ಮೂತ್ರಪಿಂಡ ಕೈಕೊಡುತ್ತದೆ. ಐಬುಪ್ರೊಫೆನ್ ಮಾತ್ರೆಗೂ ಇದೇ ಮಾತು. ಮನುಷ್ಯರ ನೋವಿನ ಮಾತ್ರೆ ಯಾವುದನ್ನೂ ನೀವಾಗಿ ಕೊಡಬೇಡಿ.

ಈಗ ತೋಟದಮನೆಯವರಿಗೆ. ಸರ್ಕಾರಿ ಪಶು ಆಸ್ಪತ್ರೆಯಲ್ಲಿದ್ದು ನಿವೃತ್ತನಾದವನು ನಾನು. ನಾಯಿಯನ್ನು ಮುಟ್ಟಿ ನೋಡಿಲ್ಲ, ಆದ್ದರಿಂದ ಆಪರೇಷನ್ ಮಾಡಿದವರು ಬೇರೆ ಹೇಳಿದರೆ ಅವರ ಮಾತೇ ನಡೆಯಲಿ.

ಒಳಗೆ ಏನಾಗಿದೆ ಅಂತ ಗೊತ್ತಾದರೆ ಎಷ್ಟು ರೆಸ್ಟು ಅನ್ನುವುದು ನಿಮಗೇ ಗೊತ್ತಾಗುತ್ತದೆ ಅಮ್ಮ. ತೊಡೆಯ ಮುಂದಿನ ಮಾಂಸಖಂಡ ಚಿಪ್ಪನ್ನು ಹಿಡಿದುಕೊಂಡು ಕೆಳಗೆ ಹೋಗಿ ಮಂಡಿ ಕೆಳಗಿನ ಮೂಳೆಯ ಒಂದು ಗುಬುಟಿಗೆ ಅಂಟಿರುತ್ತದೆ. ಬಾವಿ ಹಗ್ಗ ರಾಟೆಯ ಹಳ್ಳದಲ್ಲೇ ಓಡಬೇಕಲ್ಲ, ಹಾಗೆ ಚಿಪ್ಪು ತೊಡೆಮೂಳೆಯ ತುದಿಯ ಹಳ್ಳದಲ್ಲೇ ಮೇಲೆ ಕೆಳಗೆ ಜಾರಬೇಕು. ಎಷ್ಟೋ ಸಣ್ಣ ಜಾತಿ ನಾಯಿಗಳಲ್ಲಿ ಹುಟ್ಟಿನಿಂದಲೇ ಆ ಹಳ್ಳ ಆಳ ಇರುವುದಿಲ್ಲ, ಗುಬುಟು ಒಳಗಡೆಗೆ ವಾಲಿರುತ್ತದೆ, ಹಾಗಾಗಿ ಚಿಪ್ಪು ಒಳಗೆ ಹಾರುತ್ತದೆ. ನಿಮ್ಮ ಡಾಕ್ಟರು ಹಳ್ಳ ಆಳ ಮಾಡಿದ್ದಾರೆ, ಗುಬುಟನ್ನು ನೇರಕ್ಕೆ ಸರಿಸಿ ಪಿನ್ನಿನಲ್ಲಿ ನಿಲ್ಲಿಸಿದ್ದಾರೆ. ಆ ಮೂಳೆ ಕೂಡಿಕೊಳ್ಳಲು 6ರಿಂದ 8 ವಾರ ಬೇಕು. ಅಲ್ಲಿಯವರೆಗೆ ಅವನು ಒಂದು ಸಲ ಹಾರಿದರೂ ತೊಡೆಯ ಪೂರ್ತಿ ಎಳೆತ ಆ ಸಣ್ಣ ಪಿನ್ನಿನ ಮೇಲೆ. ಕಿತ್ತುಬಂದರೆ ಮತ್ತೆ ಆಪರೇಷನ್ನೇ.

ಅಂದಮೇಲೆ ಓಡುವುದು, ಹಾರುವುದು, ಮೆಟ್ಟಿಲು, ಇನ್ನೊಂದು ನಾಯಿ ಜೊತೆ ಆಟ ಬೇಡ. ಇದು ರೆಸ್ಟು. ಕಾಲನ್ನೇ ಬಳಸದೆ ಮಲಗಿರುವುದು ರೆಸ್ಟಲ್ಲ. ಕಾಲು ನೆಲಕ್ಕೆ ತಾಗದೆ ಹೋದರೆ ತೊಡೆಯ ಮಾಂಸ ಕರಗುತ್ತದೆ, ಗಂಟು ಬಿಗಿಯುತ್ತದೆ. ಆ ಮಾಂಸವೇ ಚಿಪ್ಪನ್ನು ಹಳ್ಳದಲ್ಲಿ ಹಿಡಿದಿಡುವುದು. ಹಾಗಾಗಿ ನಿಮ್ಮ ಮನೆಯವರು ಹೇಳಿದ್ದರಲ್ಲೂ ಅರ್ಧ ನಿಜ ಇದೆ, ಮಗಳ ಮಾತಲ್ಲೂ ಅರ್ಧ ಇದೆ. ನಡೆಸಿ, ಆದರೆ ಬೆಲ್ಟು ಹಾಕಿ ನಿಧಾನಕ್ಕೆ ನಡೆಸಿ.

ಈ ನಿಧಾನ ಅನ್ನುವುದನ್ನೇ ಯಾರೂ ಸರಿಯಾಗಿ ಮಾಡುವುದಿಲ್ಲ. ನಾಯಿ ಸ್ವಲ್ಪ ಜೋರಾಗಿ ಹೋದರೆ ಮೂರು ಕಾಲು ಅದಕ್ಕೆ ಧಾರಾಳ ಸಾಕು, ಕುಪ್ಪಳಿಸಿಕೊಂಡು ಹೋಗುತ್ತದೆ. ನೀವು ಹೆಜ್ಜೆ ಹೆಜ್ಜೆಗೂ ತಡೆದು, ಕೋಪ ಬರುವಷ್ಟು ನಿಧಾನಕ್ಕೆ ನಡೆಸಿದಾಗ ಮಾತ್ರ ಅದಕ್ಕೆ ನಾಲ್ಕನೇ ಕಾಲು ಊರದೆ ಗತಿ ಇಲ್ಲ. ಅವನು ಕಾಲು ಎತ್ತಿಕೊಂಡ ಅಂದರೆ ನೀವು ಜೋರಾಗಿ ಹೋದಿರಿ ಅಂತ. ನಿಂತುಬಿಡಿ. ಊರಿದ ಮೇಲೆ ಮುಂದಿನ ಹೆಜ್ಜೆ. ಈಗ ಒಂದು ಸಲಕ್ಕೆ ಐದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ವಾರಕ್ಕೊಮ್ಮೆ ಎರಡು ಮೂರು ನಿಮಿಷ ಜಾಸ್ತಿ ಮಾಡಿ. ಮಾರನೇ ದಿನ ಕುಂಟು ಹೆಚ್ಚಾದರೆ ಹಿಂದಿನ ವಾರದ ಲೆಕ್ಕಕ್ಕೆ ಬನ್ನಿ.

ಊಟಕ್ಕೆ ನಿಂತಾಗ ಬೆರಳು ಊರುತ್ತಾನೆ ಅಂದಿರಲ್ಲ, ಅದು ಒಳ್ಳೆಯ ಲಕ್ಷಣ. ಅವನಿಗೆ ಊರಲು ಆಗುತ್ತದೆ. ಓಡುವಾಗ ಎತ್ತಿಕೊಳ್ಳುವುದು ಎಷ್ಟೋ ತಿಂಗಳ ಹಳೆಯ ಚಾಳಿ, ಅದು ಬಿಡಲು ಹೊತ್ತು ಬೇಕು. ಮೂರು ವಾರವಾದರೂ ಒಂದು ಸಲವೂ ನೆಲ ಮುಟ್ಟಿಸದಿದ್ದರೆ, ಅಥವಾ ಊರುತ್ತಿದ್ದವನು ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ನಿಲ್ಲಿಸಿದರೆ ಆರು ವಾರ ಕಾಯಬೇಡಿ, ಅವತ್ತೇ ತೋರಿಸಿ. ಪಿನ್ನು ಜರುಗಿರಬಹುದು, ಚಿಪ್ಪು ಮತ್ತೆ ಹೊರಬಂದಿರಬಹುದು. ಮಂಡಿಯ ಹತ್ತಿರ ಬಾವು, ಬಿಸಿ, ಕೀವು, ವಾಸನೆ, ಚರ್ಮದಡಿ ಚೂಪಾಗಿ ಏನೋ ಕೈಗೆ ಸಿಗುವುದು, ಊಟ ಬಿಟ್ಟು ಮುದುರಿ ಮಲಗುವುದು, ಇವಕ್ಕೂ ತಡ ಮಾಡುವ ಹಾಗಿಲ್ಲ.

ನೋವಿನ ಮಾತ್ರೆ ಇನ್ನೂ ನಡೆಯುತ್ತಿದೆಯಾ? ಮೆಲಾಕ್ಸಿಕಾಮ್ ಅಥವಾ ಕಾರ್ಪ್ರೊಫೆನ್ ಕೊಟ್ಟಿದ್ದರೆ ಊಟದ ಜೊತೆಯೇ ಹಾಕಿ. ವಾಂತಿ, ಭೇದಿ, ಡಾಂಬರಿನಂಥ ಕಪ್ಪು ಮಲ ಕಂಡರೆ ಮಾತ್ರೆ ನಿಲ್ಲಿಸಿ ಫೋನ್ ಮಾಡಿ. ಇನ್ನೊಂದು ಮಾತು. ಮಾತ್ರೆ ಕೊಟ್ಟು ಎರಡು ಗಂಟೆಗೆ ನಾಯಿಗೆ ಗೆಲುವು ಬರುತ್ತದೆ. ಅದು ಕಾಲು ಕೂಡಿದ ಗೆಲುವಲ್ಲ, ನೋವು ಗೊತ್ತಾಗದ ಗೆಲುವು. ಆವಾಗಲೇ ಹಾರುವುದು.

ಐಸಿನ ಚಿಂತೆ ಬಿಡಿ. ತಣ್ಣನೆ ಪಟ್ಟಿ ಬೇಕಾಗಿದ್ದುದು ಮೊದಲ ಎರಡು ಮೂರು ದಿನಕ್ಕೆ, ಅದು ಮುಗಿದ ಕಥೆ. ಈಗ ಬೇಕಾಗಿರುವುದು ಶಾಖ. ನಿಮ್ಮ ಹಂಡೆಯಲ್ಲಿ ಬಿಸಿನೀರಿಗೆ ಕರೆಂಟು ಬೇಕಿಲ್ಲವಲ್ಲ.


ತೋಟದಮನೆ, ಮೂಡಿಗೆರೆ ಕಡೆ

ಸರ್, ತುಂಬಾ ಥ್ಯಾಂಕ್ಸ್. ಎರಡೂಕಾಲು ಅವರಿಗೂ. ಅಂಗಾಲು ತಿರುಗಿಸಿ ನೋಡಿದೆ, ಮೆತ್ತೆ ಅಂತ ಒಂದು ಇದೆ ಅನ್ನುವುದೇ ಕಾಣಲಿಲ್ಲ, ಅಷ್ಟು ಕೂದಲು! ಕತ್ತರಿಸಿದ್ದೇನೆ. ನಿಧಾನಕ್ಕೆ ನಡೆಸುವುದನ್ನೂ ಶುರು ಮಾಡಿದ್ದೇವೆ. ಕಾಫಿ ಕಣ ಈಗ ಖಾಲಿ ಇದೆ, ಸಪಾಟು ಜಾಗ, ಆದರೆ ಮಳೆಗೆ ಪಾಚಿ ಕಟ್ಟಿ ಕಾಲಿಡುವ ಹಾಗಿಲ್ಲ. ಅದಕ್ಕೇ ಗೋಡೌನ್ ಒಳಗೆ ನಡೆಸುತ್ತಿದ್ದೇವೆ, ಸಿಮೆಂಟು ಒರಟಾಗಿದೆ, ಜಾರುವುದಿಲ್ಲ. ನಿಜ ಸರ್, ನಾನು ತಡೆದು ತಡೆದು ನಡೆದರೆ ನಾಲ್ಕೂ ಕಾಲು ಇಡುತ್ತಾನೆ. ನಮ್ಮ ಮನೆಯವರು ಕರೆದುಕೊಂಡು ಹೋದರೆ ಮೂರೇ. ಅವರು ನಡೆಯುವುದೇ ಆ ಸ್ಪೀಡು.

ಮೂರು ಪ್ರಶ್ನೆ ಉಳಿದಿದೆ. ಕಾಲು ಮಡಿಸಿ ಬಿಡಿಸುವ ವ್ಯಾಯಾಮ ಅಂತ ಕೇಳಿದ್ದೇನೆ, ನಾನೇ ಮಾಡಿಸಬಹುದಾ? ಎಣ್ಣೆ ಸುಮ್ನೆ ಸವರಿದರೆ ತೊಂದರೆಯಾ, ಅತ್ತೆ ಸಮಾಧಾನಕ್ಕೆ? ಊಟ ಎಷ್ಟು ಹಾಕಲಿ? ಮಲಗಿದ್ದಲ್ಲೇ ಮಲಗಿ ಇನ್ನೂ ದಪ್ಪಗಾಗುತ್ತಿದ್ದಾನೆ ಅನಿಸುತ್ತದೆ. ಈಗ ಎರಡು ಹೊತ್ತು ಅನ್ನ, ಕೋಳಿ, ಸ್ವಲ್ಪ ಹಾಲು, ನಡುವೆ ಅತ್ತೆ ಕೈಯಿಂದ ಬಿಸ್ಕತ್ತು.


ದನದಡಾಕ್ಟ್ರು, ಹಾಸನ

ಮಡಿಸುವ ವ್ಯಾಯಾಮ ಮಾಡಿಸಬಹುದು. ಆಪರೇಷನ್ ಮಾಡಿದವರಿಗೆ ಒಂದು ಫೋನ್ ಮಾಡಿ, ಮೂಳೆ ಸರಿಸಿದ ಕಾಲು, ಶುರು ಮಾಡಲಾ ಅಂತ ಕೇಳಿಕೊಂಡು ಮಾಡಿ. ಹೇಗೆ ಅಂದರೆ, ಮೊದಲು ಟವಲನ್ನು ಬಿಸಿನೀರಲ್ಲಿ ಅದ್ದಿ ಹಿಂಡಿ, ನಿಮ್ಮ ಮಣಿಕಟ್ಟಿನ ಒಳಭಾಗಕ್ಕೆ ಇಟ್ಟು ನೋಡಿ, ಹಿತವಾಗಿದ್ದರೆ ತೊಡೆ ಮಂಡಿಗೆ ಸುತ್ತಿ ಹತ್ತು ನಿಮಿಷ. ಮಂಡಿ ಊದಿ ಬಿಸಿಯಾಗಿದ್ದರೆ ಶಾಖ ಬೇಡ. ಆಮೇಲೆ ಅವನನ್ನು ಎಡ ಮಗ್ಗುಲಿಗೆ ಮಲಗಿಸಿ, ಬಲಗಾಲು ಮೇಲೆ ಬರುವ ಹಾಗೆ. ಒಂದು ಕೈ ತೊಡೆಯ ಕೆಳಗೆ, ಇನ್ನೊಂದು ಕೈಯಲ್ಲಿ ಹಿಮ್ಮಡಿಯ ಹತ್ತಿರ ಹಿಡಿದು, ಅವನು ನಿಂತಾಗ ಕಾಲು ಯಾವ ಗೆರೆಯಲ್ಲಿ ಇರುತ್ತದೋ ಅದೇ ಗೆರೆಯಲ್ಲಿ ಮೆಲ್ಲಗೆ ಮಡಿಸಿ, ಮೆಲ್ಲಗೆ ಬಿಡಿಸಿ. ಪಕ್ಕಕ್ಕೆ ಎಳೆಯಬೇಡಿ, ತಿರುಚಬೇಡಿ. ಅವನು ತಲೆ ತಿರುಗಿಸಿ ನಿಮ್ಮ ಕೈ ನೋಡಿದ ಅಂದರೆ ಅಷ್ಟೇ ಮಿತಿ, ಗುರ್ ಅನ್ನುವವರೆಗೆ ಕಾಯಬೇಡಿ. ಹತ್ತು ಸಲ, ದಿನಕ್ಕೆ ಎರಡು ಮೂರು ಹೊತ್ತು.

ಎಣ್ಣೆ ಗಾಯದ ಮೇಲೆ ಬೇಡ, ಅವನು ನೆಕ್ಕಿ ನೆಕ್ಕಿ ಗುರುತನ್ನು ಕೆಂಪು ಮಾಡಿಕೊಳ್ಳುತ್ತಾನೆ. ಅತ್ತೆಯವರಿಗೆ ಬೇರೆ ಕೆಲಸ ಕೊಡಿ. ಮಂಡಿ ಬಿಟ್ಟು ಮೇಲೆ ತೊಡೆಯ ಮಾಂಸವನ್ನು ಒಣ ಕೈಯಲ್ಲಿ ಮೆಲ್ಲಗೆ ಒತ್ತುತ್ತಾ ನೀವಲಿ, ಅದರಿಂದ ನಿಜಕ್ಕೂ ಉಪಯೋಗ ಇದೆ.

ಕೂರುವುದನ್ನು ಗಮನಿಸಿ. ಆಪರೇಷನ್ ಆದ ಕಾಲನ್ನು ಪಕ್ಕಕ್ಕೆ ಚಾಚಿ ಸೊಟ್ಟ ಕೂರುತ್ತಾನಾ? ಮಂಡಿ ಪೂರ್ತಿ ಮಡಿಸುತ್ತಿಲ್ಲ ಅಂತ ಅರ್ಥ. ಆ ಕಾಲು ಗೋಡೆ ಕಡೆ ಬರುವ ಹಾಗೆ ಗೋಡೆಗೆ ತಾಗಿಸಿ ನಿಲ್ಲಿಸಿ ಕೂರು ಅನ್ನಿ, ಚಾಚಲು ಜಾಗ ಇರುವುದಿಲ್ಲ. ಕೂತು ಏಳುವುದನ್ನು ಐದೈದು ಸಲ ಮಾಡಿಸುವುದು ತೊಡೆಗೆ ಒಳ್ಳೆಯ ಕಸರತ್ತು, ಆದರೆ ಅದು ಮುಂದಿನ ಹಂತ. ಎಕ್ಸ್‌ರೇಯಲ್ಲಿ ಮೂಳೆ ಕೂಡಿದೆ ಅಂತ ಕಂಡ ಮೇಲೆ ಮಾಡಿಸಿ. ಪೊರಕೆ ಕಡ್ಡಿಗಳನ್ನು ನೆಲದ ಮೇಲೆ ಮಲಗಿಸಿ ಒಂದೊಂದಾಗಿ ದಾಟಿಸುವುದು, ತೋಟದ ಏರು ದಾರಿಯಲ್ಲಿ ಮೆಲ್ಲಗೆ ಹತ್ತಿಸುವುದು, ಇವೂ ಆವಾಗಲೇ. ಏರಿನಲ್ಲಿ ಭಾರ ಹಿಂಗಾಲಿಗೆ ಬೀಳುತ್ತದೆ, ಅದೇ ನಮಗೆ ಬೇಕಾದದ್ದು. ಟೈಲರ್ ಟೇಪ್ ಇದ್ದರೆ ಎರಡೂ ತೊಡೆಯ ಸುತ್ತಳತೆ ಒಂದೇ ಎತ್ತರದಲ್ಲಿ ತೆಗೆದು ಬರೆದಿಡಿ. ಈಗ ಬಲಗಡೆ ಸಣ್ಣ ಇರುತ್ತದೆ. ವ್ಯತ್ಯಾಸ ಕಡಿಮೆ ಆಗುತ್ತಾ ಬಂದರೆ ಸರಿ ದಾರಿಯಲ್ಲಿದ್ದೀರಿ. ಪೂರ್ತಿ ಸರಿಹೋಗಲು ಮೂರು ನಾಲ್ಕು ತಿಂಗಳು ಹಿಡಿಯುತ್ತದೆ.

ಊಟದ ಮಾತು ಕಡೆಗೆ ಹೇಳಿದೆ, ಆದರೆ ಎಲ್ಲಕ್ಕಿಂತ ಮುಖ್ಯ ಅದೇ. ಬಿಸ್ಕತ್ತು ನಿಲ್ಲಿಸಿ. ಅನ್ನ ಈಗ ಹಾಕುವುದರಲ್ಲಿ ಕಾಲು ಭಾಗ ಕಡಿಮೆ ಮಾಡಿ, ಕೋಳಿ ಚರ್ಮ ತೆಗೆದು ಹಾಕಿ. ಹಸಿವು ಅಂತ ಮುಖ ನೋಡಿದರೆ ಬೇಯಿಸಿದ ಹುರುಳಿಕಾಯಿ, ಸಿಹಿಗುಂಬಳ ಸೇರಿಸಿ. ಎರಡು ವಾರಕ್ಕೊಮ್ಮೆ ತೂಕ ನೋಡಿ. ಮನೆಯ ತಕ್ಕಡಿಯಲ್ಲಿ ನೀವು ಅವನನ್ನು ಎತ್ತಿಕೊಂಡು ಒಮ್ಮೆ, ನೀವೊಬ್ಬರೇ ಒಮ್ಮೆ ನಿಂತರೆ ಲೆಕ್ಕ ಸಿಗುತ್ತದೆ. ಪಕ್ಕೆಲುಬು ಕಣ್ಣಿಗೆ ಕಾಣಬಾರದು, ಬೆರಳಾಡಿಸಿದರೆ ಒತ್ತದೆಯೇ ಸಿಗಬೇಕು. ಕ್ಯಾಲ್ಸಿಯಂ ಟಾನಿಕ್ಕು ಯಾರಾದರೂ ಕೊಡು ಅಂದರೆ ನಿಮ್ಮ ಡಾಕ್ಟರನ್ನು ಕೇಳದೆ ಕೊಡಬೇಡಿ, ಬೆಳೆದ ನಾಯಿಗೆ ಸುಮ್ಮನೆ ಸುರಿಯುವುದರಿಂದ ಮೂಳೆ ಬೇಗ ಕೂಡುವುದಿಲ್ಲ.

ಇಷ್ಟು ಒತ್ತಿ ಹೇಳಲು ಕಾರಣ ಎಡಗಾಲು. ಈ ತೊಂದರೆ ಎಷ್ಟೋ ನಾಯಿಗಳಲ್ಲಿ ಎರಡೂ ಕಡೆ ಇರುತ್ತದೆ. ಈಗ ಅವನ ಭಾರವೆಲ್ಲ ಎಡಗಾಲ ಮೇಲೆ. ಅದು ಕೈಕೊಡುವ ಮೊದಲು ಬಲಗಾಲು ದುಡಿಯಲು ಶುರು ಮಾಡಬೇಕು.


ಬೇಲೂರುರಸ್ತೆ, ಹಾಸನ

ನಡುವೆ ಬಂದದ್ದಕ್ಕೆ ಕ್ಷಮಿಸಿ. ಸರ್, ನಮ್ಮದು ಪಗ್. ಅದೂ ಹೀಗೇ ಆಗಾಗ ಕಾಲೆತ್ತುತ್ತದೆ, ಎರಡನೇ ಗ್ರೇಡ್ ಅಂದಿದ್ದಾರೆ. ಈ ಥ್ರೆಡ್ ಓದಿ ಭಯವಾಯಿತು. ನಮಗೂ ಆಪರೇಷನ್ ಬೇಕಾ? ಇನ್ನೊಂದು, ತೋಟದಮನೆಯವರು ಆರು ವಾರದ ಎಕ್ಸ್‌ರೇಗೆ ಮತ್ತೆ ಬೆಂಗಳೂರಿನವರೆಗೆ ಹೋಗಲೇಬೇಕಾ? ಮಳೆಯಲ್ಲಿ ಆ ರಸ್ತೆಯ ಹಂಪು ಗುಂಡಿಗೆ ಆಪರೇಷನ್ ಆಗದವರ ಮಂಡಿಯೇ ಜಾರುತ್ತದೆ.


ದನದಡಾಕ್ಟ್ರು, ಹಾಸನ

ಒಂದನೇ ಗ್ರೇಡ್ ಅಂದರೆ ಡಾಕ್ಟರು ಕೈಯಲ್ಲಿ ತಳ್ಳಿದರೆ ಚಿಪ್ಪು ಹಳ್ಳದಿಂದ ಹೊರಗೆ ಹೋಗುತ್ತದೆ, ಬಿಟ್ಟರೆ ತಾನೇ ಹಳ್ಳದೊಳಗೆ. ಎರಡರಲ್ಲಿ ತಾನಾಗೇ ಹೋಗಿ ತಾನಾಗೇ ಬರುತ್ತದೆ. ಮೂರರಲ್ಲಿ ಬಹುಪಾಲು ಹೊರಗೇ ಇರುತ್ತದೆ, ತಳ್ಳಿದರೆ ಒಳಗೆ ಬರುತ್ತದೆ, ಮತ್ತೆ ಹೋಗುತ್ತದೆ. ನಾಲ್ಕರಲ್ಲಿ ತಳ್ಳಿದರೂ ಬರುವುದಿಲ್ಲ. ಎರಡನೇ ಗ್ರೇಡಿನವರೆಲ್ಲ ಆಪರೇಷನ್ ಟೇಬಲ್ ಹತ್ತಬೇಕಿಲ್ಲ. ನೋವಿದೆಯಾ, ಕುಂಟುವುದು ತಿಂಗಳಿಂದ ತಿಂಗಳಿಗೆ ಜಾಸ್ತಿಯಾಗುತ್ತಿದೆಯಾ, ಇವನ್ನು ನೋಡಿ ತೀರ್ಮಾನ ಮಾಡುತ್ತಾರೆ. ಎಲ್ಲಕ್ಕೂ ಮೊದಲು ನಿಮ್ಮ ಪಗ್ಗಿನ ತೂಕ ಇಳಿಸಿ, ಸೋಫಾ ಹತ್ತುವುದು ಬಿಡಿಸಿ. ಮೊದಲೆಲ್ಲ ಆಗಾಗ ಎತ್ತುತ್ತಿದ್ದ ನಾಯಿ ಒಂದು ದಿನ ಇದ್ದಕ್ಕಿದ್ದಂತೆ ಪೂರ್ತಿ ಕಾಲು ಊರದೆ ಹೋದರೆ ಮಾತ್ರ ಸುಮ್ಮನಿರಬೇಡಿ. ಚಿಪ್ಪು ಜಾರುವ ಮಂಡಿಯಲ್ಲಿ ಒಳಗಿನ ಲಿಗಮೆಂಟು ಹರಿಯುವುದೂ ಉಂಟು.

ಎಕ್ಸ್‌ರೇಗೆ ಬೆಂಗಳೂರೇ ಆಗಬೇಕು ಅಂತಿಲ್ಲ. ಹಾಸನದಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಳ್ಳಿ. ಮಂಡಿಯನ್ನು ಎದುರಿನಿಂದ ಒಂದು, ಪಕ್ಕದಿಂದ ಒಂದು, ಎರಡು ಚಿತ್ರ ಬೇಕು. ಫೈಲ್ ತೆಗೆದುಕೊಂಡು ಆಪರೇಷನ್ ಮಾಡಿದವರಿಗೆ ವಾಟ್ಸಾಪ್ ಮಾಡಿ. ಫಿಲ್ಮನ್ನು ಟ್ಯೂಬ್‌ಲೈಟಿಗೆ ಹಿಡಿದು ಫೋನಲ್ಲಿ ಫೋಟೋ ಹೊಡೆದು ಕಳಿಸಬೇಡಿ, ಪಿನ್ನು ಎಲ್ಲಿದೆ ಅಂತ ದೇವರಿಗೂ ಕಾಣುವುದಿಲ್ಲ. ಆದರೆ ಕೈಯಲ್ಲಿ ಮುಟ್ಟಿ ಚಿಪ್ಪು ನಿಂತಿದೆಯಾ ಅಂತ ನೋಡುವುದು ಎಕ್ಸ್‌ರೇಯಷ್ಟೇ ಮುಖ್ಯ, ಅದನ್ನು ಅಲ್ಲಿಯ ಡಾಕ್ಟರಿಂದ ಮಾಡಿಸಿಕೊಂಡು ಬರೆಸಿಕೊಳ್ಳಿ. ಕಾರಲ್ಲಿ ಬೋನು ಸೀಟಿನ ಮೇಲೆ ಬೇಡ, ಕೆಳಗೆ ಗಟ್ಟಿಯಾಗಿ ಕೂರಿಸಿ, ಅಡಿಗೆ ದಪ್ಪ ಹಾಸಿಗೆ. ದಾರಿಯಲ್ಲಿ ಇಳಿಸುವಾಗ ಬೆಲ್ಟು ಮೊದಲು, ಬಾಗಿಲು ಆಮೇಲೆ.


ತೋಟದಮನೆ, ಮೂಡಿಗೆರೆ ಕಡೆ

ಸರ್, ಫೋನ್ ಮಾಡಿ ಕೇಳಿದೆ, ಮಡಿಸುವ ವ್ಯಾಯಾಮ ಶುರು ಮಾಡಿ ಅಂದರು. ಅತ್ತೆ ತೊಡೆ ನೀವುವ ಡ್ಯೂಟಿ ತೆಗೆದುಕೊಂಡಿದ್ದಾರೆ, ಗುಂಡ ಅವರ ಮಡಿಲಲ್ಲೇ ನಿದ್ದೆ ಹೋಗುತ್ತಾನೆ. ಬಿಸ್ಕತ್ತು ನಿಂತಿದೆ ಅಂತ ಹೇಳುತ್ತಾರೆ, ನನಗೆ ನಂಬಿಕೆ ಇಲ್ಲ.

ಇವತ್ತು ಬೆಳಗ್ಗೆ ಎಡಗಾಲು ಎತ್ತಿ ಕಂಬಕ್ಕೆ ಒಂದಕ್ಕೆ ಹೊಯ್ದ. ಅಂದರೆ ಅಷ್ಟು ಹೊತ್ತು ಬಲಗಾಲ ಮೇಲೆ ನಿಂತಿದ್ದ ಅಂತ ತಾನೇ? ಇದು ಒಳ್ಳೆಯದಾ, ತಡೆಯಬೇಕಾ? ಇನ್ನೊಂದು, ಹೊರಗೆ ಹೋಗಿ ಬಂದರೆ ಬೆರಳ ಸಂದಿಯಲ್ಲಿ ಇಂಬಳ ಕಚ್ಚಿಕೊಂಡಿರುತ್ತದೆ. ಅದನ್ನು ಕಿತ್ತುಕೊಳ್ಳಲು ಹೋಗಿ ಆ ಕಾಲನ್ನೇ ಕಚ್ಚಿಕೊಳ್ಳುತ್ತಾನೆ.


ದನದಡಾಕ್ಟ್ರು, ಹಾಸನ

ಒಳ್ಳೆಯದೇ, ತಡೆಯಬೇಡಿ. ಕಾಲಿನ ಮೇಲೆ ನಂಬಿಕೆ ಬರುತ್ತಿದೆ. ಆ ಸಂತೋಷಕ್ಕೆ ಬೆಲ್ಟು ಬಿಚ್ಚಬೇಡಿ. ನಾಯಿ ತನಗೆ ಗುಣವಾಯಿತು ಅಂದುಕೊಳ್ಳುವುದು ನಾಲ್ಕನೇ ವಾರದಲ್ಲಿ, ಮೂಳೆ ಇನ್ನೂ ಕೂಡಿರುವುದಿಲ್ಲ.


ಎರಡೂಕಾಲು, ಸಕಲೇಶಪುರ

ಇಂಬಳಕ್ಕೆ ಉಪ್ಪು, ಸುಣ್ಣ ಹಾಕಬೇಡಿ ಅಕ್ಕಾ, ಕಚ್ಚಿದ ಜಾಗ ಉರಿದು ಅವನು ಇನ್ನೂ ಜಾಸ್ತಿ ಕಚ್ಚಿಕೊಳ್ಳುತ್ತಾನೆ. ಉಗುರಿನ ಅಂಚನ್ನು ಚರ್ಮಕ್ಕೆ ತಾಗಿಸಿ ಪಕ್ಕಕ್ಕೆ ಸರಿಸಿದರೆ ಹಿಡಿತ ಬಿಡುತ್ತದೆ. ರಕ್ತ ಸ್ವಲ್ಪ ಹೊತ್ತು ಸೋರುತ್ತೆ, ಬಟ್ಟೆಯಲ್ಲಿ ಒತ್ತಿ ಹಿಡಿಯಿರಿ, ಅದು ನಿಲ್ಲುವವರೆಗೆ ಕುತ್ತಿಗೆಗೆ ಕೋನ್ ಹಾಕಿಡಿ. ಒಳಗೆ ಬಂದ ಮೇಲೆ ನಾಲ್ಕೂ ಕಾಲು ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಸಂದಿ ಸಂದಿ ಒರೆಸಿ. ಒರೆಸುವಾಗ ಉಣುಗು ಇದೆಯಾ ಅಂತಲೂ ನೋಡಿ, ಉಣುಗಿನ ಜ್ವರ ಬಂದರೆ ಕಾಲಿನ ಕಥೆ ಅರ್ಧಕ್ಕೇ ನಿಲ್ಲುತ್ತದೆ. ಮತ್ತೆ ಕತ್ತಲಾದ ಮೇಲೆ ಒಂದಕ್ಕೆ ಬಿಡುವಾಗ ಟಾರ್ಚ್ ಹಿಡಿದು ಜೊತೆಯಲ್ಲೇ ಇರಿ, ನಮ್ಮ ಕಡೆ ಚಿರತೆ ಕಾಟ ಜೋರಾಗಿದೆ, ಮೂರು ಕಾಲಲ್ಲಿ ಓಡುವ ನಾಯಿ ಅದಕ್ಕೆ ಸುಲಭ.

ಎಕ್ಸ್‌ರೇ ಆದ ಮೇಲೆ ಏನಂದರು ಅಂತ ಇಲ್ಲೇ ಹಾಕಿ.